ಜನಾಂಗಹತ್ಯೆ: ಹೆಣಗಳ ಲೆಕ್ಕದಿಂದ ಅಳೆಯಲಾಗದ ಅಪರಾಧ

ಎಲ್ಲೋ ಒಂದು ಕಡೆ ಒಟ್ಟಿಗೆ ಇಪ್ಪತ್ತೋ ಐವತ್ತೋ ಜನರನ್ನು ಕೊಂದರು ಅಂತ ಸುದ್ದಿ ಬಂದರೆ, ತಲೆಬರಹದಲ್ಲಿ ಎರಡು ಪದಗಳಲ್ಲಿ ಒಂದು ಬಂದು ಕೂರುತ್ತದೆ. ನರಮೇಧ, ಇಲ್ಲವೇ ಮಾರಣಹೋಮ. ಎರಡೂ ಯಜ್ಞಶಾಲೆಯಿಂದ ಬಂದ ಮಾತುಗಳು. ಮೇಧ ಅಂದರೆ ಬಲಿ, ಹೋಮ ಅಂದರೆ ಬೆಂಕಿಗೆ ಅರ್ಪಿಸುವುದು. ನಡೆದದ್ದು ಎಷ್ಟು ಭೀಕರ ಅನ್ನುವುದನ್ನು ಈ ಪದಗಳು ಚೆನ್ನಾಗಿಯೇ ಹೇಳುತ್ತವೆ. ಆದರೆ ಜೆನೊಸೈಡ್ ಅನ್ನುವ ಕಾನೂನಿನ ಪದಕ್ಕೂ ನಾವು ಇದೇ ನರಮೇಧವನ್ನು ಬಳಸುತ್ತೇವೆ. ಗೊಂದಲ ಅಲ್ಲೇ ಶುರುವಾಗುತ್ತದೆ. ಸತ್ತವರು ಜಾಸ್ತಿ ಇದ್ದರೆ ಜೆನೊಸೈಡ್, ಕಡಿಮೆ ಇದ್ದರೆ ಬರೀ ಹತ್ಯಾಕಾಂಡ ಅನ್ನುವ ಲೆಕ್ಕ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಕಾನೂನು ಹೀಗೆ ತಲೆ ಎಣಿಸುವುದಿಲ್ಲ. ಲಕ್ಷಗಟ್ಟಲೆ ಜನ ಸತ್ತ ಯುದ್ಧ ಜೆನೊಸೈಡ್ ಆಗದೇ ಇರಬಹುದು. ಸುಮಾರು 8,000 ಜನರನ್ನು ಕೊಂದದ್ದು ಜೆನೊಸೈಡ್ ಹೌದು ಅಂತ ಅಂತರರಾಷ್ಟ್ರೀಯ ನ್ಯಾಯಾಲಯಗಳು ತೀರ್ಪು ಕೊಟ್ಟಿವೆ. ಇನ್ನೂ ಮುಂದೆ ಹೋದರೆ, ಒಬ್ಬರನ್ನೂ ಕೊಲ್ಲದೆ ಈ ಅಪರಾಧ ಮಾಡಬಹುದು. ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಅದು ಹೇಗೆ ಅನ್ನುವುದು ತಿಳಿಯಬೇಕಾದರೆ ಆ ಪದ ಹುಟ್ಟಿದ ಕಥೆಯಿಂದಲೇ ಹೊರಡಬೇಕು. ಇಲ್ಲಿ ನಾನು ಅದನ್ನು ಜನಾಂಗಹತ್ಯೆ ಅಂತಲೇ ಬರೆಯುತ್ತೇನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಕೋಳಿ ಸಾಕಿದವನ ಉದಾಹರಣೆ

1921ರ ಮಾರ್ಚ್ 15. ಬರ್ಲಿನ್ನಿನ ಬೀದಿಯಲ್ಲಿ ಹಾಡಹಗಲೇ ಒಬ್ಬ ಯುವಕ ಇನ್ನೊಬ್ಬನಿಗೆ ಗುಂಡು ಹೊಡೆದ. ಸತ್ತವನು ತಲಾತ್ ಪಾಷಾ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಒಟ್ಟೋಮನ್ ಸಾಮ್ರಾಜ್ಯದ ಗೃಹಮಂತ್ರಿಯಾಗಿದ್ದವನು. 1915ರಲ್ಲಿ ಅರ್ಮೇನಿಯನ್ನರನ್ನು ಊರೂರುಗಳಿಂದ ಎಬ್ಬಿಸಿ ಸಿರಿಯಾದ ಮರುಭೂಮಿಯ ಕಡೆಗೆ ನಡೆಸಿದ್ದು ಅವನ ಆಡಳಿತ. ಲಕ್ಷಾಂತರ ಜನ ಕೊಲೆಯಾದರು, ಇಲ್ಲವೇ ಹಸಿವು ಬಾಯಾರಿಕೆಯಿಂದ ದಾರಿಯಲ್ಲೇ ಬಿದ್ದು ಸತ್ತರು. ಗುಂಡು ಹೊಡೆದವನ ಹೆಸರು ಸೊಗೊಮೊನ್ ತೆಹ್ಲಿರಿಯನ್. ಮನೆಯವರನ್ನು ಕಳೆದುಕೊಂಡ ಅರ್ಮೇನಿಯನ್. ಕೆಲವೇ ತಿಂಗಳಲ್ಲಿ ಬರ್ಲಿನ್ನಿನ ಜ್ಯೂರಿ ಅವನನ್ನು ನಿರ್ದೋಷಿ ಅಂತ ಬಿಟ್ಟಿತು.

ಈ ಸುದ್ದಿ ಒಬ್ಬ ಕಾನೂನು ವಿದ್ಯಾರ್ಥಿಯನ್ನು ಬಿಡದೆ ಕಾಡಿತು. ಆತ ರಫೇಲ್ ಲೆಮ್ಕಿನ್. ಹುಟ್ಟಿದ್ದು 1900ರಲ್ಲಿ, ಇವತ್ತಿನ ಬೆಲಾರೂಸ್‌ನ ಒಂದು ಯಹೂದಿ ರೈತ ಕುಟುಂಬದಲ್ಲಿ. ಓದುತ್ತಿದ್ದದ್ದು ಆಗ ಪೋಲೆಂಡಿನಲ್ಲಿದ್ದ ಲ್ವಿವ್ ನಗರದಲ್ಲಿ. ಮುಂದೆ ತಮ್ಮ ಆತ್ಮಕಥೆಯಲ್ಲಿ ಅವರು ಆ ದಿನಗಳ ಒಂದು ಮಾತುಕತೆ ಬರೆದುಕೊಂಡಿದ್ದಾರೆ. ಅಷ್ಟೊಂದು ಜನರ ಸಾವಿಗೆ ಕಾರಣನಾದ ತಲಾತ್‌ನನ್ನು ಯಾಕೆ ಯಾರೂ ಬಂಧಿಸಲಿಲ್ಲ ಅಂತ ಲೆಮ್ಕಿನ್ ಕೇಳುತ್ತಾರೆ. ಬಂಧಿಸಲು ಕಾನೂನೇ ಇಲ್ಲ ಅನ್ನುತ್ತಾರೆ ಪ್ರೊಫೆಸರ್. ಒಬ್ಬ ರೈತ ಕೋಳಿ ಸಾಕಿದ್ದಾನೆ ಅಂದುಕೋ, ಅವನ ಕೋಳಿಗಳನ್ನು ಅವನು ಕೊಂದರೆ ಅದು ಅವನಿಗೆ ಬಿಟ್ಟದ್ದು, ನೀನು ನಡುವೆ ಹೋದರೆ ಅವನ ಜಾಗಕ್ಕೆ ಅತಿಕ್ರಮ ಪ್ರವೇಶ ಮಾಡಿದ ಹಾಗೆ. ಆದರೆ ಅರ್ಮೇನಿಯನ್ನರು ಕೋಳಿಗಳಲ್ಲವಲ್ಲ ಅಂತಾರೆ ಲೆಮ್ಕಿನ್.

ಆ ಪ್ರೊಫೆಸರ್ ಕ್ರೂರಿ ಆಗಿರಬೇಕಾಗಿಲ್ಲ. ಆಗಿದ್ದ ಕಾನೂನನ್ನೇ ಅವರು ಹೇಳಿದ್ದು. ಒಂದು ದೇಶದ ಗಡಿಯೊಳಗೆ ಆ ದೇಶದ ಸರ್ಕಾರ ತನ್ನ ಪ್ರಜೆಗಳಿಗೆ ಏನು ಮಾಡಿದರೂ ಅದು ಅದರ ಸ್ವಂತ ವಿಚಾರ ಅನ್ನುವುದೇ ಅಂದಿನ ಪದ್ಧತಿ. ಒಬ್ಬನನ್ನು ಕೊಂದರೆ ಕೊಲೆಗಾರ, ಒಂದು ಜನಾಂಗವನ್ನೇ ಮುಗಿಸಿದರೆ ಮಾಜಿ ಮಂತ್ರಿ. ಲೆಮ್ಕಿನ್ ಅವರಿಗೆ ಅರಗಿಸಿಕೊಳ್ಳಲು ಆಗದೇ ಹೋದದ್ದು ಇದು.

1933ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಕಾನೂನು ತಜ್ಞರ ಸಮ್ಮೇಳನಕ್ಕೆ ಅವರು ಒಂದು ಪ್ರಸ್ತಾಪ ಕಳಿಸಿದರು. ಅದರಲ್ಲಿ ಎರಡು ಹೊಸ ಅಪರಾಧಗಳಿದ್ದವು. ಒಂದು, ಒಂದು ಗುಂಪಿನ ಜನರನ್ನು ನಾಶ ಮಾಡುವ ಬರ್ಬರತೆ. ಇನ್ನೊಂದು, ಅವರ ಕಲೆ, ಸಂಸ್ಕೃತಿ, ಗ್ರಂಥಗಳನ್ನು ನಾಶ ಮಾಡುವ ಧ್ವಂಸ. ಪ್ರಸ್ತಾಪ ಮೂಲೆ ಸೇರಿತು. ಅದೇ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ.

ಕಾಗದಗಳಲ್ಲಿ ಕಂಡ ಸಂಚು

1939ರಲ್ಲಿ ಜರ್ಮನಿ ಪೋಲೆಂಡಿನ ಮೇಲೆ ಬಿದ್ದಾಗ ಲೆಮ್ಕಿನ್ ವಾರ್ಸಾ ಬಿಟ್ಟು ಓಡಿದರು. ಲಿಥುವೇನಿಯಾ, ಸ್ವೀಡನ್, ಆಮೇಲೆ ಸೋವಿಯತ್ ನೆಲವನ್ನು ದಾಟಿ ಜಪಾನ್, ಕೊನೆಗೆ 1941ರಲ್ಲಿ ಅಮೆರಿಕ. ಸ್ವೀಡನ್ನಿನಲ್ಲಿದ್ದಾಗ ಅವರು ಒಂದು ಕೆಲಸ ಹಿಡಿದರು. ಆಕ್ರಮಿಸಿಕೊಂಡ ದೇಶಗಳಲ್ಲಿ ನಾಜಿಗಳು ಹೊರಡಿಸುತ್ತಿದ್ದ ಸರ್ಕಾರಿ ಆದೇಶಗಳನ್ನು ಒಂದೊಂದಾಗಿ ಕೂಡಿಹಾಕುವುದು.

ಒಂದೇ ಆದೇಶ ಓದಿದರೆ ಸುಮ್ನೆ ಆಡಳಿತದ ಕಾಗದ. ಯಾರಿಗೆ ಎಷ್ಟು ರೇಷನ್, ಯಾರು ಮದುವೆಯಾಗಲು ಅನುಮತಿ ಪಡೆಯಬೇಕು, ಯಾವ ಭಾಷೆಯಲ್ಲಿ ಶಾಲೆ ನಡೆಯಬೇಕು, ಯಾರ ಆಸ್ತಿ ಯಾರಿಗೆ. ಎಲ್ಲವನ್ನೂ ಪಕ್ಕ ಪಕ್ಕ ಇಟ್ಟಾಗ ಬೇರೆಯೇ ಚಿತ್ರ ಕಂಡಿತು. ಯಹೂದಿಗಳಿಗೆ ಅನ್ನ ಕಡಿಮೆ. ಪೋಲಿಷ್ ಜನರಿಗೆ ಮಕ್ಕಳಾಗುವುದು ಕಡಿಮೆಯಾಗಬೇಕು. ಓದಿದವರು, ಪಾದ್ರಿಗಳು, ಮುಖಂಡರು ಮೊದಲು ಹೋಗಬೇಕು. ಗುಂಡು ಹಾರಿಸುವುದು ಈ ಯೋಜನೆಯ ಒಂದು ಭಾಗ ಅಷ್ಟೇ. ಒಂದು ಗುಂಪು ಗುಂಪಾಗಿ ಬದುಕಲು ಏನೇನು ಬೇಕೋ ಅದನ್ನೆಲ್ಲ ಬುಡದಿಂದ ಕೀಳುವುದು ಇಡೀ ಯೋಜನೆ.

1941ರ ಆಗಸ್ಟ್‌ನಲ್ಲಿ ಚರ್ಚಿಲ್ ರೇಡಿಯೊ ಭಾಷಣದಲ್ಲಿ, ನಾವು ಹೆಸರೇ ಇಲ್ಲದ ಒಂದು ಅಪರಾಧದ ಎದುರು ನಿಂತಿದ್ದೇವೆ ಅಂದಿದ್ದರು. 1944ರಲ್ಲಿ ಲೆಮ್ಕಿನ್ ಆ ಹೆಸರು ಕೊಟ್ಟರು. ನಾಜಿ ಆದೇಶಗಳ ಬಗ್ಗೆ ಬರೆದ ದಪ್ಪ ಪುಸ್ತಕದ ಒಂಬತ್ತನೇ ಅಧ್ಯಾಯದಲ್ಲಿ ಆ ಪದ ಬರುತ್ತದೆ. ಗ್ರೀಕ್ ಭಾಷೆಯ ಗೆನೋಸ್, ಅಂದರೆ ಕುಲ, ಜನಾಂಗ. ಅದಕ್ಕೆ ಲ್ಯಾಟಿನ್ನಿನಿಂದ ಬಂದ, ಕೊಲ್ಲುವುದು ಅನ್ನುವ ಅರ್ಥದ ಸೈಡ್. ಎರಡೂ ಸೇರಿ ಜೆನೊಸೈಡ್. ಕನ್ನಡದ ಜನಾಂಗಹತ್ಯೆ ಹೆಚ್ಚುಕಡಿಮೆ ಅದೇ ಜೋಡಣೆ. ಕೊಲೆಯಾಗುವುದು ಇಲ್ಲಿ ನರ ಅಲ್ಲ, ಜನಾಂಗ. ನರಮೇಧ ಅಂದಾಗ ಈ ಮುಖ್ಯ ವಿಷಯವೇ ಕೈಜಾರುತ್ತದೆ ಅನ್ನುವುದು ನನ್ನ ತಕರಾರು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಾಜಿ ಮುಖಂಡರ ವಿಚಾರಣೆ ನಡೆಯಿತು. ಆರೋಪಪಟ್ಟಿಯಲ್ಲಿ ಲೆಮ್ಕಿನ್ ಅವರ ಪದ ಒಮ್ಮೆ ಬಂತು. 1946ರ ತೀರ್ಪಿನಲ್ಲಿ ಅದು ಇರಲೇ ಇಲ್ಲ. ನ್ಯಾಯಾಧೀಶರು ಯುದ್ಧದ ಜೊತೆ ಸಂಬಂಧ ಇದ್ದ ಕೃತ್ಯಗಳನ್ನಷ್ಟೇ ತೆಗೆದುಕೊಂಡರು. ಯುದ್ಧಕ್ಕೆ ಮುಂಚೆ ಜರ್ಮನಿಯೊಳಗೇ ಯಹೂದಿಗಳಿಗೆ ಮಾಡಿದ್ದು ಲೆಕ್ಕಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ಲೆಮ್ಕಿನ್ ಅವರಿಗೆ ತಮ್ಮ ಮನೆಯ ಸುದ್ದಿಯೂ ಗೊತ್ತಾಗಿತ್ತು. ತಂದೆ ತಾಯಿ ಸೇರಿ ಬಂಧುಬಳಗದ 49 ಜನ ಸತ್ತಿದ್ದರು. ಉಳಿದವರು ಒಬ್ಬ ಸೋದರ ಮತ್ತು ಅವನ ಹೆಂಡತಿ ಮಕ್ಕಳು.

ಅವರು ನ್ಯೂಯಾರ್ಕಿಗೆ ಮರಳಿ ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಪ್ರತಿನಿಧಿಗಳ ಬೆನ್ನು ಬಿದ್ದರು. ಕೈಯಲ್ಲಿ ಹುದ್ದೆ ಇಲ್ಲ, ಹಿಂದೆ ಯಾವ ದೇಶವೂ ಇಲ್ಲ. ಕೊನೆಗೆ ಕ್ಯೂಬಾ, ಪನಾಮಾ, ಭಾರತ ಮೂರೂ ಸೇರಿ ಠರಾವು ಮಂಡಿಸಲು ಒಪ್ಪಿದವು. 1946ರ ಡಿಸೆಂಬರ್ 11ರಂದು ಸಾಮಾನ್ಯ ಸಭೆ ಅದನ್ನು ಅಂಗೀಕರಿಸಿತು. ಕೊಲೆ ಅನ್ನುವುದು ಒಬ್ಬ ಮನುಷ್ಯನ ಬದುಕುವ ಹಕ್ಕನ್ನು ನಿರಾಕರಿಸುವುದಾದರೆ, ಜನಾಂಗಹತ್ಯೆ ಇಡೀ ಗುಂಪಿನ ಇರುವ ಹಕ್ಕನ್ನೇ ನಿರಾಕರಿಸುವುದು ಅಂತ ಆ ಠರಾವು ಹೇಳಿತು. ಎರಡು ವರ್ಷದ ನಂತರ, 1948ರ ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ ಒಪ್ಪಂದ ಸಿದ್ಧವಾಯಿತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂದದ್ದು ಅದರ ಮಾರನೇ ದಿನ. ಒಪ್ಪಂದ ಜಾರಿಗೆ ಬಂದದ್ದು 1951ರ ಜನವರಿ 12ರಂದು.

ಕಾನೂನು ಏನು ಹೇಳುತ್ತದೆ

ಒಪ್ಪಂದದ ಎರಡನೇ ವಿಧಿಯೇ ಎಲ್ಲದಕ್ಕೂ ಬುಡ. ರಾಷ್ಟ್ರ, ಜನಾಂಗ, ವರ್ಣ ಅಥವಾ ಧರ್ಮದ ಒಂದು ಗುಂಪನ್ನು, ಆ ಗುಂಪು ಅನ್ನುವ ಕಾರಣಕ್ಕೇ, ಪೂರ್ತಿಯಾಗಿ ಅಥವಾ ಭಾಗಶಃ ನಾಶ ಮಾಡುವ ಉದ್ದೇಶದಿಂದ ಮಾಡಿದ ಐದು ಕೃತ್ಯಗಳು ಜನಾಂಗಹತ್ಯೆ. ಗುಂಪಿನ ಜನರನ್ನು ಕೊಲ್ಲುವುದು ಮೊದಲನೆಯದು. ಅವರ ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ ಮಾಡುವುದು ಎರಡನೆಯದು. ಬದುಕಿ ಉಳಿಯಲಾಗದಂಥ ಸ್ಥಿತಿಯನ್ನು ಬೇಕೆಂದೇ ಅವರ ಮೇಲೆ ಹೇರುವುದು ಮೂರನೆಯದು. ಅನ್ನ, ನೀರು, ಔಷಧಿ, ಸೂರು ತಪ್ಪಿಸಿ ನಿಧಾನಕ್ಕೆ ಸಾಯಿಸುವುದು ಈ ಲೆಕ್ಕದಲ್ಲಿ ಬರುತ್ತದೆ. ಗುಂಪಿನೊಳಗೆ ಮಕ್ಕಳು ಹುಟ್ಟದಂತೆ ತಡೆಯುವುದು ನಾಲ್ಕನೆಯದು. ಗುಂಪಿನ ಮಕ್ಕಳನ್ನು ಬಲವಂತವಾಗಿ ಕಿತ್ತು ಬೇರೆ ಗುಂಪಿಗೆ ಕೊಡುವುದು ಐದನೆಯದು.

ಕೊನೆಯ ಎರಡರಲ್ಲಿ ರಕ್ತ ಹರಿಯಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ ದಶಕಗಳ ಕಾಲ ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸುತ್ತಿದ್ದರು. ಆ ದೇಶದ ಮಾನವ ಹಕ್ಕುಗಳ ಆಯೋಗವೇ 1997ರ ವರದಿಯಲ್ಲಿ ಇದನ್ನು ಜನಾಂಗಹತ್ಯೆ ಅಂತ ಕರೆಯಿತು. ಮಗು ಬದುಕಿಯೇ ಇರುತ್ತದೆ. ಅಮ್ಮನ ಭಾಷೆ, ಅಜ್ಜಿಯ ಕಥೆ, ತಾನು ಯಾರು ಅನ್ನುವುದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ. ಎಲ್ಲ ಮಕ್ಕಳಿಗೂ ಹೀಗೇ ಆದರೆ ಒಂದೇ ತಲೆಮಾರಿನಲ್ಲಿ ಆ ಗುಂಪು ಇಲ್ಲವಾಗುತ್ತದೆ.

ಬರೀ ಕೊಂದವನಷ್ಟೇ ತಪ್ಪಿತಸ್ಥನಲ್ಲ. ಸಂಚು ಹೂಡಿದವನು, ಎಲ್ಲರ ಎದುರು ನೇರವಾಗಿ ಪ್ರಚೋದಿಸಿದವನು, ಪ್ರಯತ್ನಪಟ್ಟು ಸೋತವನು, ಕೈಜೋಡಿಸಿದವನು ಎಲ್ಲರಿಗೂ ಶಿಕ್ಷೆ ಇದೆ. ರಾಜನಾಗಲಿ, ಅಧಿಕಾರಿಯಾಗಲಿ, ಸಾಮಾನ್ಯ ಮನುಷ್ಯನಾಗಲಿ ವಿನಾಯಿತಿ ಇಲ್ಲ. ಯುದ್ಧ ಇರಬೇಕು ಅಂತಲೂ ಇಲ್ಲ. ನ್ಯೂರೆಂಬರ್ಗ್‌ನಲ್ಲಿ ಬಿಟ್ಟುಹೋದ ಬಾಗಿಲನ್ನು ಈ ಒಂದು ಸಾಲು ಮುಚ್ಚಿತು.

ಲೆಮ್ಕಿನ್ ಬಯಸಿದ್ದೆಲ್ಲ ಒಪ್ಪಂದದಲ್ಲಿ ಉಳಿಯಲಿಲ್ಲ. ಸಂಸ್ಕೃತಿಯ ನಾಶ ಕರಡಿನಲ್ಲಿತ್ತು, ಆಮೇಲೆ ತೆಗೆದರು. ತಮ್ಮ ನೆಲದ ಮೂಲನಿವಾಸಿಗಳನ್ನು ಹೇಗೆ ನಡೆಸಿಕೊಂಡಿದ್ದೇವೆ ಅನ್ನುವ ಪ್ರಶ್ನೆ ಏಳುತ್ತದೆ ಅನ್ನುವ ಅಂಜಿಕೆ ಕೆಲವು ದೇಶಗಳಿಗಿತ್ತು. ರಾಜಕೀಯ ಗುಂಪುಗಳೂ ಪಟ್ಟಿಯಿಂದ ಹೊರಗೆ ಹೋದವು. ಅವುಗಳನ್ನು ಸೇರಿಸುವುದನ್ನು ಸೋವಿಯತ್ ಒಕ್ಕೂಟ ವಿರೋಧಿಸಿತು, ಇನ್ನೂ ಹಲವು ದೇಶಗಳು ದನಿಗೂಡಿಸಿದವು.

ಇದರ ಪರಿಣಾಮ ಕಾಂಬೋಡಿಯಾದಲ್ಲಿ ಕಾಣುತ್ತದೆ. 1975ರಿಂದ 1979ರವರೆಗೆ ಖಮೇರ್ ರೂಜ್ ಅನ್ನುವ ಕಮ್ಯುನಿಸ್ಟರ ಆಡಳಿತದಲ್ಲಿ ಸುಮಾರು 17 ಲಕ್ಷ ಜನ ಸತ್ತರು. 2018ರಲ್ಲಿ ಆ ಆಡಳಿತದ ಇಬ್ಬರು ಹಿರಿಯ ನಾಯಕರಿಗೆ ಜನಾಂಗಹತ್ಯೆಯ ಶಿಕ್ಷೆಯೂ ಆಯಿತು. ಆದರೆ ಆ ಶಿಕ್ಷೆ ವಿಯೆಟ್ನಾಮಿ ಮೂಲದವರ, ಚಾಮ್ ಮುಸ್ಲಿಮರ ಹತ್ಯೆಗೆ. ಸತ್ತವರಲ್ಲಿ ಬಹುಪಾಲು ಆ ದೇಶದ ಬಹುಸಂಖ್ಯಾತ ಜನಾಂಗವಾದ ಖಮೇರ್ ಜನರೇ. ಕೊಂದವರೂ ಖಮೇರ್. ವರ್ಗಶತ್ರು, ದೇಶದ್ರೋಹಿ ಅಂತ ಕೊಂದರು. ಆ ಸಾವುಗಳು ಮಾನವತೆಯ ವಿರುದ್ಧದ ಅಪರಾಧ ಅನ್ನುವ ಬೇರೆ ಶೀರ್ಷಿಕೆಯ ಕೆಳಗೆ ಬಂದವು. ಒಂದೇ ಗುಂಡಿಯಲ್ಲಿ ಸಿಕ್ಕ ಎಲುಬುಗಳಿಗೆ ಕಾನೂನಿನಲ್ಲಿ ಬೇರೆ ಬೇರೆ ಹೆಸರು. ಇದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಮನಸ್ಸಿನೊಳಗೆ ಇದ್ದದ್ದನ್ನು ತೋರಿಸುವುದು

ಈ ಅಪರಾಧದಲ್ಲಿ ಅತ್ಯಂತ ಕಷ್ಟದ ಪದ ಉದ್ದೇಶ. ಕೊಲೆ ಮಾಡಿದ್ದಾನೆ ಅಂತ ತೋರಿಸಿದರೆ ಸಾಲದು. ಗುಂಪನ್ನು ಇಲ್ಲವಾಗಿಸಲೆಂದೇ ಕೊಂದ ಅಂತ ತೋರಿಸಬೇಕು. ಆಸೆ ಬೇರೆ, ಉದ್ದೇಶ ಬೇರೆ ಅನ್ನುವುದನ್ನೂ ಇಲ್ಲಿ ನೆನಪಿಡಬೇಕು. ಕೊಂದವನಿಗೆ ಅವರ ಜಮೀನಿನ ಮೇಲೆ ಆಸೆ ಇದ್ದಿರಬಹುದು, ಹಳೇ ಸೇಡು ಇದ್ದಿರಬಹುದು. ಅದರಿಂದ ಅವನು ಪಾರಾಗುವುದಿಲ್ಲ. ಆ ಗುಂಪನ್ನು ಮುಗಿಸುವ ನಿರ್ಧಾರ ಇತ್ತೇ ಅನ್ನುವುದೇ ಪ್ರಶ್ನೆ. ಇಂಥದ್ದನ್ನು ಯಾರೂ ಸಹಿ ಮಾಡಿ ಬರೆದಿಡುವುದಿಲ್ಲ. ಹಾಗಾಗಿ ನ್ಯಾಯಾಲಯ ನಡೆದದ್ದನ್ನು ನೋಡಿ ಮನಸ್ಸನ್ನು ಓದಬೇಕು. ಆ ಘಟನೆಗಳಿಂದ ಬೇರೆ ಯಾವ ಸಮಂಜಸ ತೀರ್ಮಾನಕ್ಕೂ ಬರಲು ಸಾಧ್ಯವಿಲ್ಲ ಅನ್ನುವಷ್ಟು ಗಟ್ಟಿ ಪುರಾವೆ ಬೇಕು.

ಬೋಸ್ನಿಯಾದ ಸ್ರೆಬ್ರೆನಿಕಾ ಇದಕ್ಕೆ ಒಳ್ಳೆಯ ಪಾಠ. ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶ ಅಂತ ಘೋಷಿಸಿತ್ತು. ಕಾಯಲು ಡಚ್ ಸೈನಿಕರಿದ್ದರು. 1995ರ ಜುಲೈ 11ರಂದು ಬೋಸ್ನಿಯನ್ ಸರ್ಬ್ ಸೇನೆ ಊರನ್ನು ಹಿಡಿಯಿತು. ಅಲ್ಲಿದ್ದ ಬೋಸ್ನಿಯನ್ ಮುಸ್ಲಿಮರಲ್ಲಿ ಹೆಂಗಸರು, ಪುಟ್ಟ ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ ಹೊರಗೆ ಕಳಿಸಿದರು. ಗಂಡಸರು, ಹುಡುಗರನ್ನು ಬೇರೆ ಮಾಡಿದರು. ಮುಂದಿನ ಕೆಲವೇ ದಿನಗಳಲ್ಲಿ ಸುಮಾರು 8,000 ಜನರನ್ನು ಹೊಲಗಳಲ್ಲಿ, ಗೋದಾಮಿನಲ್ಲಿ, ಶಾಲೆಗಳ ಹತ್ತಿರ ಸಾಲಾಗಿ ಕೊಂದರು.

ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ಕೂತ ವಿಶೇಷ ನ್ಯಾಯಮಂಡಳಿಯಲ್ಲಿ ಆ ಸೇನೆಯ ಅಧಿಕಾರಿ ರಾಡಿಸ್ಲಾವ್ ಕ್ರ್‌ಸ್ಟಿಚ್ ಪರ ವಕೀಲರು ಒಂದು ವಾದ ಮುಂದಿಟ್ಟರು. ಗುಂಪನ್ನು ನಾಶ ಮಾಡುವ ಉದ್ದೇಶ ಇದ್ದಿದ್ದರೆ ಹೆಂಗಸರನ್ನು ಯಾಕೆ ಬಿಡುತ್ತಿದ್ದರು? ಮೇಲ್ನೋಟಕ್ಕೆ ಸರಿ ಅನಿಸುವ ಪ್ರಶ್ನೆ. ನ್ಯಾಯಾಧೀಶರು ಆ ಸಮಾಜ ಬದುಕುವ ರೀತಿ ನೋಡಿದರು. ಸುಮಾರು 40,000 ಜನರ ಸಮುದಾಯ. ಮನೆ ನಡೆಯುವುದು ಗಂಡಸರ ಸುತ್ತ. ಎರಡು ಮೂರು ತಲೆಮಾರಿನ ಗಂಡಸರನ್ನು ಒಟ್ಟಿಗೆ ಅಳಿಸಿದರೆ ಉಳಿದವರು ಆ ಊರಿಗೆ ಮರಳಿ ಬಂದು ಮತ್ತೆ ಸಂಸಾರ ಕಟ್ಟಲು ಆಗದು. ಇದು ಕೊಲ್ಲಿಸಿದವರಿಗೂ ಗೊತ್ತಿತ್ತು. ಭಾಗಶಃ ನಾಶ ಅಂತ ಒಪ್ಪಂದ ಹೇಳುವುದು ಇದನ್ನೇ ಅಂತ ನ್ಯಾಯಾಲಯ ಹೇಳಿತು. 2001ರಲ್ಲಿ ಕ್ರ್‌ಸ್ಟಿಚ್‌ಗೆ ಶಿಕ್ಷೆಯಾಯಿತು. 2004ರಲ್ಲಿ ಮೇಲ್ಮನವಿ ಪೀಠ ಅವನ ಪಾತ್ರವನ್ನು ನೆರವು ಕೊಟ್ಟದ್ದು ಅಂತ ಇಳಿಸಿತು. ನಡೆದದ್ದು ಜನಾಂಗಹತ್ಯೆ ಅನ್ನುವ ಮಾತು ಮಾತ್ರ ಗಟ್ಟಿಯಾಗಿ ನಿಂತಿತು.

ಇನ್ನೊಂದು ಸಾಕ್ಷಿ ಮಣ್ಣಿನಡಿಯಿಂದ ಬಂತು. ಹತ್ಯೆ ಆದ ಕೆಲವು ವಾರಗಳ ಮೇಲೆ ಜೆಸಿಬಿಯಂಥ ಯಂತ್ರಗಳನ್ನು ತಂದು ಗುಂಡಿಗಳನ್ನು ತೆಗೆದು, ಹೆಣಗಳನ್ನು ಲಾರಿಗೆ ತುಂಬಿ ದೂರದ ಬೇರೆ ಗುಂಡಿಗಳಿಗೆ ಹಾಕಿದ್ದರು. ಯಂತ್ರದ ಬಾಯಿಗೆ ಸಿಕ್ಕ ದೇಹಗಳು ಚೂರಾಗಿದ್ದವು. ಒಬ್ಬನ ತೊಡೆಯ ಎಲುಬು ಒಂದು ಕಡೆ, ತಲೆಬುರುಡೆ ಇನ್ನೊಂದು ಕಡೆ. ವಿಜ್ಞಾನಿಗಳು ಡಿಎನ್‌ಎ ಹೊಂದಿಸಿ ಹೊಂದಿಸಿ 7,000ದಷ್ಟು ಜನರ ಗುರುತು ಹಿಡಿದಿದ್ದಾರೆ. ಪ್ರತಿ ವರ್ಷ ಜುಲೈ 11ರಂದು ಹೊಸದಾಗಿ ಗುರುತಾದವರನ್ನು ಸ್ರೆಬ್ರೆನಿಕಾ ಹತ್ತಿರದ ಪೊಟೊಚಾರಿಯಲ್ಲಿ ಮಣ್ಣು ಮಾಡುತ್ತಾರೆ. ಮಗನ ಒಂದೆರಡು ಎಲುಬು ಮಾತ್ರ ಸಿಕ್ಕಿದ ತಾಯಿ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಇಷ್ಟನ್ನೇ ಈಗ ಹೂಳುವುದೋ, ಉಳಿದದ್ದು ಸಿಗಲಿ ಅಂತ ಕಾಯುವುದೋ.

ಗುರುತಿನ ಚೀಟಿಯ ಗೀಟು

ರುವಾಂಡಾದಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಗುರುತಿನ ಚೀಟಿ ಇರುತ್ತಿತ್ತು. ಫೋಟೊ ಇರುವ ಪುಟದಲ್ಲೇ ಒಂದು ಸಾಲು: ಹುಟು, ಟುಟ್ಸಿ, ಟ್ವಾ, ಪೌರತ್ವ ಪಡೆದವರು. ತನ್ನದಲ್ಲದ ಪದಗಳ ಮೇಲೆ ಗೀಟು ಎಳೆದಿರುತ್ತಿದ್ದರು. ಗೀಟು ಬೀಳದೆ ಉಳಿದದ್ದೇ ನೀವು. ಈ ಪದ್ಧತಿ ತಂದದ್ದು 1930ರ ದಶಕದ ಬೆಲ್ಜಿಯನ್ ಆಡಳಿತ. ಹುಟುಗಳೂ ಟುಟ್ಸಿಗಳೂ ಆಡುವುದು ಒಂದೇ ಭಾಷೆ, ದೇವರೂ ಅದೇ, ಇರುವುದು ಒಂದೇ ಬೆಟ್ಟದ ಮೇಲೆ ಅಕ್ಕಪಕ್ಕ. 1994ರ ಏಪ್ರಿಲ್ 7ರಿಂದ ಹುಟು ಉಗ್ರರ ಪಡೆಗಳವರು ದಾರಿದಾರಿಯಲ್ಲಿ ತಡೆ ಹಾಕಿ ಚೀಟಿ ಕೇಳಿದರು. ಟುಟ್ಸಿ ಅಂತ ಇದ್ದವರನ್ನು ಅಲ್ಲೇ ಮಚ್ಚಿನಿಂದ ಕಡಿದರು. ಸುಮಾರು ನೂರು ದಿನದಲ್ಲಿ, ವಿಶ್ವಸಂಸ್ಥೆಯ ಅಂದಾಜಿನಂತೆ, 8 ಲಕ್ಷ ಜನ. ಈ ಕೊಲೆಗಳನ್ನು ವಿರೋಧಿಸಿದ ಹುಟುಗಳೂ ಸತ್ತರು.

ಇದು ಒಮ್ಮೆಲೇ ಸಿಟ್ಟು ಬಂದು ಆದದ್ದಲ್ಲ. ಆರ್‌ಟಿಎಲ್‌ಎಂ ಅನ್ನುವ ರೇಡಿಯೊ ತಿಂಗಳುಗಟ್ಟಲೆ ಟುಟ್ಸಿಗಳನ್ನು ಇನ್ಯೆಂಜಿ, ಅಂದರೆ ಜಿರಳೆಗಳು ಅಂತ ಕರೆಯುತ್ತಾ ಬಂದಿತ್ತು. ಕೊಲೆ ಶುರುವಾದ ಮೇಲೆ ಯಾರು ಎಲ್ಲಿದ್ದಾರೆ ಅಂತ ಹೆಸರು ಹಿಡಿದು ಹೇಳಿತು. ವಿಶ್ವಸಂಸ್ಥೆ ಪಡೆಯ ಮುಖ್ಯಸ್ಥ ರೋಮಿಯೋ ಡಲೇರ್ ಜನವರಿ 11ರಂದೇ ನ್ಯೂಯಾರ್ಕಿಗೆ ತಂತಿ ಕಳಿಸಿ ಎಚ್ಚರಿಸಿದ್ದರು. ಶಸ್ತ್ರ ಬಚ್ಚಿಟ್ಟಿದ್ದಾರೆ, ಟುಟ್ಸಿಗಳ ಪಟ್ಟಿ ಮಾಡುತ್ತಿದ್ದಾರೆ ಅಂತ ಅದರಲ್ಲಿತ್ತು. ಶಸ್ತ್ರ ಬಚ್ಚಿಟ್ಟ ಜಾಗಗಳ ಮೇಲೆ ದಾಳಿ ಮಾಡಲು ಅವರಿಗೆ ಅನುಮತಿ ಸಿಗಲಿಲ್ಲ. ಹತ್ಯೆ ಶುರುವಾಗಿ ಎರಡು ವಾರಕ್ಕೆ ಭದ್ರತಾ ಮಂಡಳಿ ಆ ಪಡೆಯನ್ನು ಕೆಲವೇ ನೂರು ಜನಕ್ಕೆ ಇಳಿಸಲು ತೀರ್ಮಾನಿಸಿತು.

ಆ ದಿನಗಳಲ್ಲಿ ಅಮೆರಿಕದ ಅಧಿಕಾರಿಗಳು ಜನಾಂಗಹತ್ಯೆ ಅನ್ನುವ ಪದವನ್ನೇ ತಪ್ಪಿಸಿಕೊಂಡು ಓಡಾಡಿದರು. ಹಾಗೆ ಕರೆದರೆ ಏನಾದರೂ ಮಾಡಬೇಕಾಗುತ್ತದೆ ಅನ್ನುವ ಭಯ ಒಳಗಿನ ಟಿಪ್ಪಣಿಯಲ್ಲೇ ದಾಖಲಾಗಿದೆ. ಜನಾಂಗಹತ್ಯೆಯ ಕೃತ್ಯಗಳು ನಡೆದಿವೆ ಅಂತ ಮಾತ್ರ ಒಪ್ಪಿಕೊಂಡರು. ಅಂಥ ಎಷ್ಟು ಕೃತ್ಯ ಸೇರಿದರೆ ಜನಾಂಗಹತ್ಯೆ ಆಗುತ್ತದೆ ಅಂತ ಜೂನ್‌ನಲ್ಲಿ ಪತ್ರಕರ್ತರೊಬ್ಬರು ಕೇಳಿದರು. ಉತ್ತರಿಸುವ ಸ್ಥಾನದಲ್ಲಿ ನಾನಿಲ್ಲ ಅಂದರು ವಕ್ತಾರರು. ಒಂದು ಪದಕ್ಕೆ ಇಷ್ಟು ಹೆದರಿಕೆ ಯಾಕೆ ಬಂತು ನೋಡಿ. ಒಪ್ಪಂದದ ಮೊದಲ ವಿಧಿಯಲ್ಲೇ ಶಿಕ್ಷಿಸುವುದರ ಜೊತೆಗೆ ತಡೆಯುವ ಹೊಣೆಯೂ ಇದೆ. ಪದಕ್ಕೆ ಬಲ ಇದ್ದದ್ದಕ್ಕೇ ಅದನ್ನು ಬಾಯಿಂದ ಹೊರಡಿಸಲಿಲ್ಲ. ಆ ಹೊತ್ತಿಗೆ ದಾರಿಯ ತಡೆಗಳಲ್ಲಿ ಚೀಟಿ ನೋಡುವುದು ಇನ್ನೂ ನಡೆಯುತ್ತಲೇ ಇತ್ತು.

ಕಾನೂನು ಕೊನೆಗೂ ಬಂತು, ತಡವಾಗಿ. ಟಾಂಜಾನಿಯಾದ ಅರೂಶಾದಲ್ಲಿ ಕೂತ ವಿಶೇಷ ನ್ಯಾಯಮಂಡಳಿ 1998ರ ಸೆಪ್ಟೆಂಬರ್ 2ರಂದು ಜಾನ್ ಪಾಲ್ ಅಕಾಯೆಸು ಎಂಬಾತನನ್ನು ತಪ್ಪಿತಸ್ಥ ಅಂತ ತೀರ್ಮಾನಿಸಿತು. ಟಬಾ ಅನ್ನುವ ಊರಿನ ಮೇಯರ್ ಅವನು. ಒಪ್ಪಂದ ಆಗಿ 50 ವರ್ಷದ ಮೇಲೆ, ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಈ ಅಪರಾಧಕ್ಕೆ ಕೊಟ್ಟ ಮೊಟ್ಟಮೊದಲ ಶಿಕ್ಷೆ. ಒಂದೇ ಭಾಷೆ, ಒಂದೇ ಧರ್ಮ ಇರುವವರನ್ನು ಬೇರೆ ಗುಂಪು ಅಂತ ಹೇಗೆ ಕರೆಯುವುದು ಅನ್ನುವ ತೊಡಕು ಅಲ್ಲಿ ಎದ್ದಿತು. ಉತ್ತರದ ಒಂದು ಭಾಗ ಆ ಚೀಟಿಯಲ್ಲೇ ಇತ್ತು. ಸರ್ಕಾರವೇ ಅವರನ್ನು ಹುಟ್ಟಿನಿಂದ ಬೇರೆ ಅಂತ ಬರೆದಿಟ್ಟಿತ್ತು, ಜನರೂ ಹಾಗೇ ಬದುಕಿದ್ದರು.

ಆ ಮೊಕದ್ದಮೆಯಲ್ಲಿ ಅತ್ಯಾಚಾರದ ಆರೋಪ ಮೊದಲು ಇರಲೇ ಇಲ್ಲ. ಬೇರೆ ವಿಷಯಕ್ಕೆ ಸಾಕ್ಷಿ ಹೇಳಲು ಬಂದ ಒಬ್ಬ ತಾಯಿ ತನ್ನ ಆರು ವರ್ಷದ ಮಗಳಿಗೆ ಆದದ್ದನ್ನು ಹೇಳಿದಳು. ಪೀಠದಲ್ಲಿದ್ದ ಒಬ್ಬಳೇ ಮಹಿಳೆ, ದಕ್ಷಿಣ ಆಫ್ರಿಕಾದ ನವಿ ಪಿಳ್ಳೈ, ಇನ್ನಷ್ಟು ಕೇಳಿದರು. ಆರೋಪಪಟ್ಟಿ ಬದಲಾಯಿತು. ಗುಂಪನ್ನು ನಾಶ ಮಾಡುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ಜನಾಂಗಹತ್ಯೆ ಅಂತ ತೀರ್ಪು ಬಂತು. ಒಪ್ಪಂದದ ಎರಡನೇ ಕೃತ್ಯ, ದೇಹಕ್ಕೂ ಮನಸ್ಸಿಗೂ ಹಾನಿ ಅನ್ನುವ ಆ ಸಾಲಿಗೆ ಅರ್ಧ ಶತಮಾನದ ಮೇಲೆ ಈ ಅರ್ಥ ಸಿಕ್ಕಿತು.

ಹೆಸರುಗಳ ನಡುವೆ

ಮಾನವತೆಯ ವಿರುದ್ಧದ ಅಪರಾಧ ಅಂತ ಮೇಲೆ ಹೇಳಿದೆನಲ್ಲ, ಅದನ್ನು ನ್ಯೂರೆಂಬರ್ಗ್ ಕಾನೂನಿಗೆ ತಂದವರಲ್ಲಿ ಮುಖ್ಯರಾದವರು ಹರ್ಷ್ ಲೌಟರ್‌ಪಾಕ್ಟ್. ಅವರೂ ಲ್ವಿವ್‌ನಲ್ಲೇ ಓದಿದವರು. ಅವರ ಕಣ್ಣು ಇದ್ದದ್ದು ಒಬ್ಬೊಬ್ಬ ಮನುಷ್ಯನ ಮೇಲೆ. ಸಾಮಾನ್ಯ ಜನರ ಮೇಲೆ ವ್ಯಾಪಕವಾಗಿ ಇಲ್ಲವೇ ಯೋಜಿತವಾಗಿ ನಡೆಸುವ ದಾಳಿ ಅದರೊಳಗೆ ಬರುತ್ತದೆ. ಗುಂಪನ್ನು ನಾಶ ಮಾಡುವ ಉದ್ದೇಶ ತೋರಿಸಬೇಕಾಗಿಲ್ಲ. ಯುದ್ಧಾಪರಾಧ ಯುದ್ಧದ ನಿಯಮ ಮುರಿದದ್ದಕ್ಕೆ. ಜನಾಂಗೀಯ ಶುದ್ಧೀಕರಣ ಅನ್ನುವುದು ಸುದ್ದಿಯಲ್ಲಿ ಬಹಳ ಬಳಕೆಯಲ್ಲಿದೆ, ಆದರೆ ಕಾನೂನಿನಲ್ಲಿ ಅದು ಪ್ರತ್ಯೇಕ ಅಪರಾಧ ಅಲ್ಲ.

ಜನಾಂಗಹತ್ಯೆ ಅನ್ನುವ ಮುದ್ರೆ ಬೀಳದಿದ್ದರೆ ತಮ್ಮ ನೋವು ಚಿಕ್ಕದಾಯಿತು ಅಂತ ಬದುಕುಳಿದವರಿಗೆ ಅನಿಸುತ್ತದೆ. ಅದು ಸಹಜ. ಆದರೆ ಕಾನೂನು ನೋವನ್ನು ದೊಡ್ಡದು ಚಿಕ್ಕದು ಅಂತ ಸಾಲು ನಿಲ್ಲಿಸಿಲ್ಲ. ಮಾನವತೆಯ ವಿರುದ್ಧದ ಅಪರಾಧಕ್ಕೂ ಜೀವಾವಧಿ ಶಿಕ್ಷೆ ಆಗುತ್ತದೆ.

1948ಕ್ಕೆ ಹಿಂದೆ ನಡೆದದ್ದಕ್ಕೆ ಒಪ್ಪಂದದ ಕೆಳಗೆ ಯಾರನ್ನೂ ಶಿಕ್ಷಿಸಲು ಆಗದು. ಆದರೂ ಹೆಸರಿಡುವುದು ನಡೆದೇ ಇದೆ. ಇವತ್ತಿನ ನಮೀಬಿಯಾದಲ್ಲಿ 1904ರಿಂದ 1908ರ ನಡುವೆ ಹೆರೆರೊ ಮತ್ತು ನಾಮಾ ಜನರನ್ನು ಕೊಂದದ್ದು ಜನಾಂಗಹತ್ಯೆ ಅಂತ ಜರ್ಮನಿ 2021ರಲ್ಲಿ ಒಪ್ಪಿಕೊಂಡಿತು. ಅರ್ಮೇನಿಯನ್ನರ ವಿಷಯದಲ್ಲಿ ಟರ್ಕಿ ಇವತ್ತಿಗೂ ಆ ಪದ ಒಪ್ಪುವುದಿಲ್ಲ.

ನಿನಗೇನು ಸಂಬಂಧ?

ಹೇಗ್ ನಗರದಲ್ಲಿ ಎರಡು ನ್ಯಾಯಾಲಯಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ವ್ಯಕ್ತಿಗಳನ್ನು ವಿಚಾರಿಸುತ್ತದೆ. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶ ದೇಶದ ಮೇಲೆ ದಾವೆ ಹೂಡುತ್ತದೆ. ಬೋಸ್ನಿಯಾ ಸರ್ಬಿಯಾದ ಮೇಲೆ ಹೂಡಿದ್ದು ಈ ಎರಡನೆಯದರಲ್ಲಿ. 2007ರಲ್ಲಿ ಬಂದ ತೀರ್ಪು ಸ್ರೆಬ್ರೆನಿಕಾದ ಹತ್ಯೆ ಮಾಡಿದ್ದು ಸರ್ಬಿಯಾ ದೇಶವೇ ಅಂತ ಹೇಳಲಿಲ್ಲ. ತಡೆಯಬಹುದಾಗಿದ್ದೂ ತಡೆಯಲಿಲ್ಲ, ಅದು ತಪ್ಪು ಅಂತ ಹೇಳಿತು. ಜನಾಂಗಹತ್ಯೆಯ ಗಂಭೀರ ಅಪಾಯ ಇದೆ ಅಂತ ಗೊತ್ತಾದ ಕ್ಷಣದಿಂದಲೇ ತಡೆಯುವ ಹೊಣೆ ಶುರುವಾಗುತ್ತದೆ, ಹತ್ಯೆ ಮುಗಿದು ಸಾಬೀತಾಗುವವರೆಗೆ ಕಾಯುವಂತಿಲ್ಲ.

2023ರ ಡಿಸೆಂಬರ್‌ನಲ್ಲಿ ಗಾಜಾದ ವಿಷಯವಾಗಿ ದಕ್ಷಿಣ ಆಫ್ರಿಕಾ ಇಸ್ರೇಲ್ ಮೇಲೆ ಹೂಡಿದ ದಾವೆಯೂ ಇದೇ ಒಪ್ಪಂದದ ಕೆಳಗಿನದು. ಇಸ್ರೇಲ್ ಆರೋಪವನ್ನು ತಳ್ಳಿಹಾಕಿದೆ. 2024ರ ಜನವರಿ 26ರಂದು ನ್ಯಾಯಾಲಯ ಕೊಟ್ಟದ್ದು ತಾತ್ಕಾಲಿಕ ಆದೇಶ, ಜನಾಂಗಹತ್ಯೆ ಆಗಿದೆಯೋ ಇಲ್ಲವೋ ಅನ್ನುವ ತೀರ್ಪಲ್ಲ. ಸುದ್ದಿ ಓದುವಾಗ ಈ ವ್ಯತ್ಯಾಸ ಗಮನಿಸಬೇಕು.

ಅದಕ್ಕೂ ಮೊದಲೇ ಇಂಥದೊಂದು ದಾವೆ ಬಂದಿತ್ತು. 2017ರ ಆಗಸ್ಟ್‌ನಿಂದ ಮ್ಯಾನ್ಮಾರ್ ಸೇನೆಯ ದಾಳಿಗೆ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿ ಬಂದರು. ಮರು ವರ್ಷ ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾದ ಕಾನೂನು ಮಂತ್ರಿ ಅಬೂಬಕರ್ ತಂಬದು ಅಲ್ಲಿನ ಶಿಬಿರಕ್ಕೆ ಹೋದರು. ಮಂತ್ರಿಯಾಗುವ ಮೊದಲು ಅವರು ರುವಾಂಡಾ ನ್ಯಾಯಮಂಡಳಿಯಲ್ಲಿ ಆರೋಪ ಹೊರಿಸುವ ಪ್ರಾಸಿಕ್ಯೂಷನ್ ಕಡೆ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಶಿಬಿರದಲ್ಲಿ ಕೇಳಿದ ಕಥೆಗಳು ಅವರಿಗೆ ಹೊಸದಾಗಿರಲಿಲ್ಲ. 2019ರ ನವೆಂಬರ್‌ನಲ್ಲಿ ಗ್ಯಾಂಬಿಯಾ ಮ್ಯಾನ್ಮಾರ್ ಮೇಲೆ ದಾವೆ ಹೂಡಿತು.

ಗ್ಯಾಂಬಿಯಾದ ಒಬ್ಬ ಪ್ರಜೆಗೂ ಅಲ್ಲಿ ಏನೂ ಆಗಿಲ್ಲ, ಅದಕ್ಕೂ ನಮಗೂ ಏನು ಸಂಬಂಧ ಅಂತ ಮ್ಯಾನ್ಮಾರ್ ತಕರಾರು ತೆಗೆಯಿತು. ತಲಾತ್ ಪಾಷಾ ಸತ್ತ ಕಾಲದಲ್ಲಿ ಲೆಮ್ಕಿನ್ ಅವರ ಪ್ರೊಫೆಸರ್ ಹೇಳಿದ ಉತ್ತರವೇ ಹೆಚ್ಚುಕಡಿಮೆ ಇದು. 2022ರ ಜುಲೈ 22ರಂದು ನ್ಯಾಯಾಲಯ ಆ ತಕರಾರನ್ನು ತಳ್ಳಿಹಾಕಿತು. ಒಪ್ಪಂದಕ್ಕೆ ಸೇರಿದ ಯಾವ ದೇಶ ಬೇಕಾದರೂ, ತನಗೆ ನೇರ ನಷ್ಟ ಆಗದಿದ್ದರೂ, ಬಂದು ಕೇಳಬಹುದು. ಗ್ಯಾಂಬಿಯಾದ ದಾವೆ ವಿಚಾರಣೆಗೆ ಮುಂದೆ ಹೋಯಿತು.